ತಕ್ಕಡಿಯವರ ಮೈಲೇಜ್ ದಂಡಯಾತ್ರೆ

ಊರಿನ ಅಂಗಡಿಗಳ ತಕ್ಕಡಿಗಳು ಸುಳ್ಳು ಹೇಳತೊಡಗಿದರೆ ಅವನ್ನು ದಾರಿಗೆ ತರುತ್ತಿದ್ದವರು ಒಬ್ಬರೇ. ಹಾಗಾಗಿ ಎಲ್ಲರ ಬಾಯಲ್ಲೂ ಅವರು ತಕ್ಕಡಿಯವರು. ಮೂವತ್ತು ವರ್ಷ ಮುಳ್ಳು ನೋಡಿ ನೋಡಿ, ಜಗತ್ತಿನ ಸಕಲ ಸಂಕಟಗಳಿಗೂ ಭಾರವೇ ಕಾರಣ ಎಂಬ ಸಿದ್ಧಾಂತಕ್ಕೆ ಅವರು ಬಂದು ಕೂತಿದ್ದರು. ಬಾಗಿಲು ಕಿರುಗುಟ್ಟಿದರೆ ಬಾಗಿಲು ಭಾರ. ನಿದ್ದೆ ಬಾರದಿದ್ದರೆ ಹೊದಿಕೆ ಭಾರ.

ಈ ಮಹಾನುಭಾವರ ರಥವೆಂದರೆ ಇಪ್ಪತ್ತೆಂಟು ವರ್ಷದ ಒಂದು ಕಾರು. ನಾಲ್ಕು ಗೇರು, ತುಕ್ಕು ಹಿಡಿದ ಬಂಪರು. ಶನಿವಾರ ಮಧ್ಯಾಹ್ನ ಅಂಗಡಿ ಬಾಗಿಲೆಳೆದು, ಹೆಂಡತಿ ಟೀಚರಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇಪ್ಪತ್ತನಾಲ್ಕು ಕಿಲೋಮೀಟರ್ ದೂರದ ನದಿ ಸೇತುವೆಗೆ ಹೋಗಿಬರುವುದು ಅವರ ವಾಡಿಕೆ. ಮುಳ್ಳು ನಲವತ್ತೈದರಲ್ಲಿ, ಗೇರು ನಾಲ್ಕರಲ್ಲಿ. ಸಾಲುಮರಗಳ ನೆರಳು ಗಾಜಿನ ಮೇಲೆ ಒಂದಾದ ಮೇಲೊಂದು ಜಾರಿಹೋಗುತ್ತಿತ್ತು. ಕಾರು ನಿಂತೇ ಇದೆ, ರಸ್ತೆಯೇ ನಿದ್ದೆಗಣ್ಣಲ್ಲಿ ಅದರಡಿ ಹರಿಯುತ್ತಿದೆ ಅನ್ನಿಸುತ್ತಿತ್ತು. ಟೀಚರಮ್ಮ ಕಿತ್ತಳೆ ಬಿಡಿಸಿ ಒಂದೊಂದೇ ತೊಳೆ ಗಂಡನ ಬಾಯಿಗಿಡುತ್ತ, ತಮಗೇ ಗೊತ್ತಿಲ್ಲದಂತೆ ಏನನ್ನೋ ಗುನುಗುತ್ತಿದ್ದರು. ಅವರು ಗುನುಗುತ್ತಿದ್ದುದು ಆ ಕಾರಿನಲ್ಲಿ ಮಾತ್ರ. ಮನೆಯಲ್ಲಿ ಅವರು ಲೆಕ್ಕದ ಟೀಚರ್. ಬಾಯಿ ತೆರೆದರೆ ಪ್ರಶ್ನೆಪತ್ರಿಕೆ.

ಹೀಗಿರುವಾಗ ಆರು ತಿಂಗಳಿಂದ ಕಾರಿನ ಮೈಲೇಜ್ ಹದಿನೈದರಿಂದ ಹನ್ನೊಂದಕ್ಕೆ ಬಿತ್ತು.

“ರೀ, ಇದು ಕಾರೋ, ಕುಡಿದು ಕುಡಿದು ಮಲಗೋ ನೆಂಟನೋ?” ಎಂದರು ಟೀಚರಮ್ಮ. “ಬರೋ ಶನಿವಾರಕ್ಕೆ ಲೀಟರಿಗೆ ಹದಿನೈದು ಬರಬೇಕು. ಇಲ್ಲಾಂದ್ರೆ ಭಾನುವಾರ ನನ್ನ ತಮ್ಮ ಗುಜರಿಯವನನ್ನ ಕರ್ಕೊಂಡು ಬರ್ತಾನೆ.”

“ಹದಿನಾಲ್ಕೂವರೆ ಬಂದ್ರೆ?”

“ಪಾಸ್ ಮಾರ್ಕು ಹದಿನೈದು.”

ತಕ್ಕಡಿಯವರು ಮನಸ್ಸಿನಲ್ಲೇ ತೂಗಿ ನೋಡಿದರು. ಕಾರು ಹೋದರೆ ಹೋಗಲಿ, ಬಸ್ಸಿದೆ. ಆದರೆ ಬಸ್ಸಿನಲ್ಲಿ ಯಾರ ಹೆಂಡತಿ ಗುನುಗುತ್ತಾಳೆ?

ಸೋಮವಾರ ಬೆಳಗ್ಗೆ ದಂಡಯಾತ್ರೆ ಹೊರಟಿತು. ಕಾರಿನೊಳಗಿನ ಒಂದೊಂದು ವಸ್ತುವೂ ಅಂಗಡಿಯ ದೊಡ್ಡ ತಕ್ಕಡಿಯೇರಿ ವಿಚಾರಣೆ ಎದುರಿಸಿತು. ತಲೆಯ ಮೇಲಿನ ಕ್ಯಾರಿಯರ್, ಹನ್ನೊಂದು ಕಿಲೋ: ಗಡೀಪಾರು. ಡಿಕ್ಕಿಯಲ್ಲಿ ಯಾವ ಕಾಲದಿಂದಲೋ ಮಲಗಿದ್ದ ಕಬ್ಬಿಣದ ತೂಕದ ಬಟ್ಟುಗಳು, ಮೂವತ್ತೆಂಟು ಕಿಲೋ: ಗಡೀಪಾರು. ಸ್ಟೆಪ್ನಿಯ ಮೇಲೂ ಕೈ ಹೋಯಿತು; ವೀರನಿಗೂ ಒಂದು ಮಿತಿಯಿರಬೇಕೆಂದು ಕೈ ಹಿಂದೆ ಬಂತು. ಟೈರುಗಳಿಗೆ ಸರಿಯಾಗಿ ಗಾಳಿ ತುಂಬಿಸಿದರು. ಏರ್ ಫಿಲ್ಟರ್ ಕೊಡವಿದಾಗ ಎದ್ದ ಧೂಳಿಗೆ ಇಡೀ ಬೀದಿ ಸೀನಿತು. ಹಾಫ್ ಕ್ಲಚ್ ಚಟಕ್ಕೆ ತಿಲಾಂಜಲಿಯಿಟ್ಟರು. ಆಕ್ಸಿಲರೇಟರ್ ಕೆಳಗೆ ಬೆಕ್ಕಿನ ಮರಿ ಮಲಗಿದೆಯೆಂದು ಭಾವಿಸಿ ಪಾದವಿಟ್ಟರು. ಕೆಂಪು ದೀಪ ದೂರದಲ್ಲಿ ಕಂಡೊಡನೆ ಕಾಲೆತ್ತಿ, ಕಾರು ತಾನಾಗಿಯೇ ನಿಧಾನವಾಗಲಿ ಎಂದು ಕಾದರು. ಹಿಂದಿನ ಲಾರಿಯವನು ಹಾರ್ನ್ ಹೊಡೆದೂ ಹೊಡೆದೂ ಸುಸ್ತಾದ.

ಬುಧವಾರ ಟ್ಯಾಂಕನ್ನು ಕಂಠಪೂರ್ತಿ ತುಂಬಿಸಿ, ಒಬ್ಬರೇ ಸೇತುವೆಗೆ ಹೋಗಿಬಂದು ಮತ್ತೆ ತುಂಬಿಸಿದರು. ಲೀಟರಿಗೆ ಹದಿನಾರು! ಗುರುವಾರ ಟೀಚರಮ್ಮನೂ ಬಂದರು. ಹನ್ನೊಂದೂವರೆ.

ತಕ್ಕಡಿಯವರು ತಲೆ ಕೆರೆದುಕೊಂಡರು. ಆಮೇಲೆ, ಅಕ್ಕಿ ಮೂಟೆಯನ್ನು ನೋಡುವಂತೆ ಹೆಂಡತಿಯನ್ನು ಮೇಲಿಂದ ಕೆಳಗೆ ನೋಡಿದರು.

“ಏನ್ರೀ ಹಾಗೆ ನೋಡ್ತೀರಿ?”

“ಏನಿಲ್ಲ... ಈಗ ನಿನ್ನ ತೂಕ ಎಷ್ಟು?”

ಟೀಚರಮ್ಮ ಬಿಡಿಸುತ್ತಿದ್ದ ಕಿತ್ತಳೆಯನ್ನು ಮತ್ತೆ ಕೈಚೀಲಕ್ಕೆ ತುರುಕಿದರು.

“ಅಂದ್ರೆ, ನಾನು ಭಾರ ಆದ್ನಾ?”

“ನಾನೆಲ್ಲಿ ಹೇಳ್ದೆ ಕಣೇ? ಮುಳ್ಳು ಹೇಳ್ತಿದೆ.”

ಮುಂದಿನ ಎರಡು ದಿನ ಮನೆಯಲ್ಲಿ ಚಮಚಗಳು ಮಾತ್ರ ಮಾತಾಡಿದವು.

ಶನಿವಾರ ಟೀಚರಮ್ಮ ಕಾರು ಹತ್ತಿದರೇನೋ ನಿಜ. ಆದರೆ ತಮ್ಮ ಕೈಚೀಲವನ್ನು ಎದೆಗವಚಿಕೊಂಡು, ಮುಖವನ್ನು ಕಿಟಕಿಗೆ ಒಪ್ಪಿಸಿ ಕೂತರು. ಕಿತ್ತಳೆಯಿಲ್ಲ, ಗುನುಗಿಲ್ಲ. ಅದೇ ಮರಗಳ ನೆರಳು ಜಾರಿಹೋಯಿತು, ಅದೇ ನದಿ ಮಿನುಗಿತು. ತಕ್ಕಡಿಯವರಿಗೆ ಮಾತ್ರ ತಾವು ಬೇರೆ ಯಾರದೋ ಕನಸಿನಲ್ಲಿ ಡ್ರೈವರ್ ಕೆಲಸಕ್ಕೆ ಸೇರಿದ ಹಾಗಾಯಿತು. ವಾಪಸು ಬಂದು ಬಂಕಿನಲ್ಲಿ ಲೆಕ್ಕ ಹಾಕಿದರು. ಹದಿನಾರು.

ಯುದ್ಧ ಗೆದ್ದ ವೀರ ಪೆಚ್ಚುಮೋರೆ ಹಾಕಿಕೊಂಡು ಬಂದು ಇಂಜಿನ್ ಶುರುಮಾಡಿ ಕೂತ. ಅಷ್ಟರಲ್ಲಿ ಟೀಚರಮ್ಮನೊಳಗಿನ ಲೆಕ್ಕ ಎದ್ದು ಕೂತಿತು.

“ಅದೇ ರಸ್ತೆ, ಅದೇ ಕಾರು, ಅದೇ ನಾನು. ಗುರುವಾರ ಇಲ್ಲದ್ದು ಇವತ್ತೇನಿದೆ?”

“ಇವತ್ತು ನಿನಗೆ ಸಿಟ್ಟಿದೆ.”

“ಸಿಟ್ಟು ಬಂದ್ರೆ ತೂಕ ಇಳಿಯತ್ತಾ?” ಎನ್ನುತ್ತ ಅವರು ಬೆವರೊರೆಸಿಕೊಳ್ಳಲು ಕೈಚೀಲವನ್ನು ಎಂದಿನಂತೆ ಮುಂದಿನ ಗುಬುಟಿಗೆ ನೇತುಹಾಕಿದರು.

ಇಂಜಿನ್ನು ಖೊಕ್ ಖೊಕ್ ಎಂದು ಕೆಮ್ಮಿತು. ಚೀಲ ಎತ್ತಿದರು, ಕೆಮ್ಮು ನಿಂತಿತು. ನೇತುಹಾಕಿದರು, ಮತ್ತೆ ಕೆಮ್ಮಿತು.

ಅದು ಚೋಕಿನ ಗುಬುಟು. ಚಳಿಯಲ್ಲಿ ಇಂಜಿನ್ನಿಗೆ ನಾಲ್ಕು ಗುಟುಕು ಹೆಚ್ಚು ಪೆಟ್ರೋಲು ಕುಡಿಸಲು ಎಳೆಯುವಂಥದ್ದು. ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಕೆಳಮುಖವಾಗಿ ಇಣುಕುತ್ತಿದ್ದ ಅದನ್ನು ಪುಸ್ತಕ, ನೀರಿನ ಬಾಟಲಿ, ಕಿತ್ತಳೆಗಳಿದ್ದ ಚೀಲ ದಾರಿಯುದ್ದಕ್ಕೂ ಜಗ್ಗುತ್ತಿತ್ತು. ಚೀಲ ತೆಗೆದೊಡನೆ ಅದು ಏನೂ ಅರಿಯದ ಮಗುವಿನ ಹಾಗೆ ಒಳಗೆ ಸರಿದುಬಿಡುತ್ತಿತ್ತು.

“ಭಾರ ನಾನಲ್ಲ ತಾನೇ?”

“ಅಲ್ಲ, ಅಲ್ಲ. ಆದ್ರೆ ಅದಕ್ಕೆ ಯಾಕೆ ನೇತಾಕ್ದೆ?”

“ಚೀಲ ಹಾಕೋ ಹುಕ್ ಮುರಿದು ಆರು ತಿಂಗಳಾಯ್ತು. ಹೊಸದು ಹಾಕ್ಕೊಡಿ ಅಂತ ನಾನು ಗೋಡೆಗೆ ಹೇಳ್ತಿದ್ನಾ?”

ಆರು ತಿಂಗಳು! ತಕ್ಕಡಿಯವರು ಹೆಂಡತಿಯ ಮುಖ ನೋಡಿದರು. ಅಲ್ಲಿ ನಗು ಹೊರಬರಲು ಬಾಗಿಲು ತಟ್ಟುತ್ತಿತ್ತು.

ಭಾನುವಾರ ಗುಜರಿಯವನೊಂದಿಗೆ ತಮ್ಮ ಬಂದಾಗ ಕಾರಿನ ಬಾಗಿಲಿಂದ ಎರಡು ಕಾಲು ಮಾತ್ರ ಆಚೆಗಿದ್ದವು.

“ಏನ್ ಭಾವ, ನಾವು ಬರೋದ್ರೊಳಗೆ ನೀವೇ ಬಿಚ್ಚೋಕೆ ಶುರುಮಾಡಿದ್ರಾ?”

“ಮಾರಲ್ಲ ಕಣೋ,” ಎಂದರು ಅಕ್ಕ. “ಹದಿನಾರು ಬಂತು.”

“ಹೌದಾ! ಏನ್ ಮಾಡಿದ್ರಿ ಭಾವ?”

ಒಳಗಿಂದ ಸ್ಕ್ರೂಡ್ರೈವರಿನ ಸದ್ದು ನಿಂತಿತು. “ಒಂದು ಭಾರ ಇಳಿಸಿದೆ.”

“ಏನದು?”

“ನಿಮ್ಮ ಭಾವನ ತಲೇಲಿದ್ದದ್ದು,” ಎಂದರು ಟೀಚರಮ್ಮ.

ಗುಜರಿಯವನನ್ನು ಬರಿಗೈಯಲ್ಲಿ ಕಳಿಸಿ, ಆ ಮಧ್ಯಾಹ್ನವೇ ದಂಪತಿಗಳು ಹೊರಟರು. ಹತ್ತು ಕಿಲೋ ತೂಗಿಸಿ ಪರೀಕ್ಷೆ ಮಾಡಿದ್ದ ಹೊಸ ಹಿತ್ತಾಳೆ ಹುಕ್ಕಿನಲ್ಲಿ ಚೀಲ ರಾಜಠೀವಿಯಿಂದ ತೂಗುತ್ತಿತ್ತು. ನಾಲ್ಕನೇ ಗೇರಿಗೆ ಬಿದ್ದ ಕಾರು ಸದ್ದು ತಗ್ಗಿಸಿತು. ಕಿತ್ತಳೆ ಸಿಪ್ಪೆಯ ಘಮ ತುಂಬಿತು. ಮೊದಲ ತೊಳೆಯ ಬೆನ್ನಿಗೇ ಗುನುಗು ಬಂತು, ಮೊದಲು ಉಸಿರಿನಷ್ಟೇ, ಆಮೇಲೆ ರಾಗವಾಗಿ. ತಕ್ಕಡಿಯವರು ಮುಳ್ಳು ನೋಡುವುದನ್ನೇ ಮರೆತರು.

“ರೀ,” ಎಂದರು ಟೀಚರಮ್ಮ ಎಷ್ಟೋ ಹೊತ್ತಿನ ಮೇಲೆ, “ಸೇತುವೆ ಹಿಂದೆ ಹೋಯ್ತಲ್ಲ?”

“ಹೌದಾ?” ಎಂದು ಅವರು ಇನ್ನೊಂದು ತೊಳೆಗೆ ಬಾಯಿ ತೆರೆದರು.