ಬಾಗಿದ ಕಾಗದ, ನೆಟ್ಟಗಿನ ಅಕ್ಷರ

ತುರ್ಭೆಯ ಕಾರ್ಖಾನೆ ಸಾಲಿನಲ್ಲಿ ಬೀದಿದೀಪಗಳು ಇನ್ನೂ ಆರಿಲ್ಲ. ಕಾಗದದ ಲೋಟ ತಯಾರಿಸುವ ಘಟಕದ ಮೇಲಂತಸ್ತಿನ ಸಣ್ಣ ಕೋಣೆಯಲ್ಲಿ ಜಲಜಾಕ್ಷಿ ಆಗಲೇ ಕಂಪ್ಯೂಟರಿನ ಮುಂದೆ ಕುಳಿತಿದ್ದಾರೆ. ಠಾಣೆಯ ಕೋಪರಿಯ ಮನೆಯಿಂದ ಸ್ಟೇಷನ್ನಿಗೆ ನಡೆದು, ಲೋಕಲ್ ರೈಲು ಹಿಡಿದು ಬಂದವರು. ಪರದೆಯ ಮೇಲೆ ಹೋಟೆಲೊಂದರ ಹೆಸರು ಕನ್ನಡದಲ್ಲೂ ಮರಾಠಿಯಲ್ಲೂ ಇದೆ. ಎಡಗೈಯಲ್ಲಿ ಮೌಸ್ ಹಿಡಿದು ಆ ಹೆಸರನ್ನು ಕಮಾನಿನಂತೆ ಬಗ್ಗಿಸುತ್ತಿದ್ದಾರೆ. ಕೆಳಗೆ ಮುದ್ರಣ ಯಂತ್ರ ಶುರುವಾಗುವುದರೊಳಗೆ ಇದು ಮುಗಿಯಬೇಕು.

ಲೋಟದ ಬಾಯಿ ಅಗಲ, ತಳ ಕಿರಿದು. ಹಾಗಾಗಿ ಅದಕ್ಕೆ ಸುತ್ತುವ ಕಾಗದ ಬೀಸಣಿಗೆಯ ಆಕಾರದಲ್ಲಿರುತ್ತದೆ. ಅದರ ಮೇಲೆ ಹೆಸರನ್ನು ನೇರ ಗೆರೆಯಲ್ಲಿ ಅಚ್ಚು ಹಾಕಿದರೆ, ಸುತ್ತಿದ ಮೇಲೆ ನಡುವೆ ಜೋತುಬೀಳುತ್ತದೆ. ಮೊದಲೇ ಬಗ್ಗಿಸಿಟ್ಟರೆ ಮಾತ್ರ ಲೋಟದ ಮೇಲೆ ನೆಟ್ಟಗೆ ಕಾಣುತ್ತದೆ. ಚಿತ್ರ ಬಿಡಿಸುವ ಕೋರಲ್‌ಡ್ರಾ ತಂತ್ರಾಂಶದಲ್ಲಿರುವ ಎನ್ವೆಲಪ್ ಎಂಬ ಸಾಧನ ಚಿತ್ರವನ್ನು ಹಿಗ್ಗಿಸಿ ಕುಗ್ಗಿಸಿ ಬೇಕಾದ ಆಕಾರಕ್ಕೆ ತರುತ್ತದೆ. ಆದರೆ ಕನ್ನಡದ ಒತ್ತಕ್ಷರಗಳು ಆ ಎಳೆದಾಟದಲ್ಲಿ ಸೊರಗುತ್ತವೆ.

"ಮೇಲಿನ ಅಕ್ಷರ ದಪ್ಪ ಆಗ್ತದೆ, ಅಡಿಯ ಒತ್ತು ಸಣಕಲು" ಎನ್ನುತ್ತಾರೆ ಜಲಜಾಕ್ಷಿ. "ಮತ್ತೆ ಗೆರೆಯ ಒಂದೊಂದೇ ಚುಕ್ಕೆ ಹಿಡಿದು ಎಳೆದು ಸರಿ ಮಾಡ್ಲಿಕ್ಕುಂಟು. ಅವಸರ ಮಾಡಿದ್ರೆ ಕೆಟ್ಟಿತು."

ಹಿರಿಯಡ್ಕದ ಹತ್ತಿರದ ಹಳ್ಳಿಯವರು ಜಲಜಾಕ್ಷಿ. ಮದುವೆಯಾಗಿ ಠಾಣೆಗೆ ಬಂದರು. ಗಂಡ ಮುಂಡಪ್ಪ ನೆರೂಳದ ಹೋಟೆಲೊಂದರಲ್ಲಿ ಅಡುಗೆಯವರು. ಜಲಜಾಕ್ಷಿ ಮೊದಲು ದುಡಿಯುತ್ತಿದ್ದುದು ರಟ್ಟಿನ ಪೆಟ್ಟಿಗೆ ಮಾಡುವ ಬೇರೊಂದು ಕಡೆ. ಅಲ್ಲಿನ ಕತ್ತರಿಸುವ ಯಂತ್ರ ಅವರ ಬಲಗೈಯ ಎರಡು ಬೆರಳುಗಳನ್ನು ತೆಗೆದುಕೊಂಡಿತು. ಗಾಯ ಮಾಗಿ ಹಿಂದಿರುಗಿದಾಗ ಕೆಲಸ ಇರಲಿಲ್ಲ. ಎಷ್ಟೋ ದಿನ ಆ ಕೈಯನ್ನು ಸೆರಗಿನೊಳಗೆ ಅಡಗಿಸಿಟ್ಟುಕೊಂಡೇ ಓಡಾಡಿದರು. ನೆಂಟರೆಲ್ಲ ಇನ್ನು ಮನೆಯಲ್ಲೇ ಇರು ಎಂದರು.

ಮಗಳು ಅಶ್ಮಿತಾ ಆಗ ಕಂಪ್ಯೂಟರಿನಲ್ಲಿ ಚಿತ್ರ ಬರೆಯುವ ಕೋರ್ಸು ಮಾಡುತ್ತಿದ್ದಳು. ಅವಳ ಹಿಂದೆ ಕುರ್ಚಿ ಹಾಕಿಕೊಂಡು ಜಲಜಾಕ್ಷಿ ನೋಡುತ್ತಾ ಕೂರುತ್ತಿದ್ದರು. ಒಂದು ದಿನ ತಾವೇ ಮೌಸ್ ಹಿಡಿದರು. ಬಲಗೈಯಲ್ಲಿ ಗುಂಡಿ ಒತ್ತಲಾಗಲಿಲ್ಲ.

"ಅಮ್ಮಾ, ಲೆಫ್ಟ್ ಸೇ ಕರೋ ನಾ" ಎಂದಳು ಮಗಳು.

"ಎಡಗೈಯಲ್ಲಿ ಒಂದು ಗೆರೆ ಎಳೀಲಿಕ್ಕೆ ಬರ್ತಿರ್ಲಿಲ್ಲ ನಂಗೆ" ಎಂದು ಜಲಜಾಕ್ಷಿ ಈಗ ನಗುತ್ತಾರೆ. "ಆದ್ರೂ ಬಿಡಲಿಲ್ಲ. ಸಿಟ್ಟು ಬಂದಿತ್ತು ನೋಡಿ, ಆ ಮಷೀನಿನ ಮೇಲೆ."

ತುರ್ಭೆಯ ಈ ಘಟಕಕ್ಕೆ ಅವರು ಸೇರಿದ್ದು ಲೋಟಗಳನ್ನು ಎಣಿಸಿ ಕಟ್ಟುವ ಕೆಲಸಕ್ಕೆ. ವಿನ್ಯಾಸಗಾರ ರಿತೇಶ್ ಊರಿಗೆ ಹೋಗಿದ್ದಾಗ ತುರ್ತು ಕೆಲಸವೊಂದು ಬಂತು. ನಾನು ಮಾಡುತ್ತೇನೆ ಎಂದು ಜಲಜಾಕ್ಷಿ ಮುಂದೆ ಬಂದರು, ಮಾಲೀಕ ಲೀಲಾಧರ ಒಪ್ಪಿದರು. ಲೋಟದ ಸುತ್ತ ಮಲ್ಲಿಗೆ ಮಾಲೆ ಬರಬೇಕಿತ್ತು. ಜಲಜಾಕ್ಷಿ ಗಿರಾಕಿಯ ಹೆಸರನ್ನು ಬಗ್ಗಿಸಿದರು, ಮಾಲೆಯನ್ನು ಬಗ್ಗಿಸಲು ಮರೆತರು. ಲೋಟ ತಯಾರಾಗಿ ಬಂದಾಗ ಮಾಲೆ ಮುಂಭಾಗದಲ್ಲಿ ಬಟ್ಟೆ ಒಣಹಾಕುವ ಹಗ್ಗದಂತೆ ಜಗ್ಗಿತ್ತು. ಗಿರಾಕಿ ಎಲ್ಲವನ್ನೂ ವಾಪಸು ಕಳಿಸಿದ.

"ಜಲಜಕ್ಕ, ನೀವು ಪ್ಯಾಕಿಂಗಿಗೇ ಹೋಗಿ" ಎಂದರು ಲೀಲಾಧರ. ಬೈಯಲಿಲ್ಲ. ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ ಎನ್ನುತ್ತಾರೆ ಜಲಜಾಕ್ಷಿ.

ಮರುದಿನವೇ ಅವರು ಲೀಲಾಧರರಲ್ಲಿ ಒಂದನ್ನೇ ಕೇಳಿದರು: ಬೆಳಿಗ್ಗೆ ಯಾರೂ ಬರುವ ಮೊದಲು ಕಂಪ್ಯೂಟರ್ ಮುಟ್ಟಲು ಅನುಮತಿ. ಅಂದಿನಿಂದ ನಸುಕಿನಲ್ಲೇ ಬರತೊಡಗಿದರು. ಬಗ್ಗಿಸಿದ ಚಿತ್ರವನ್ನು ಸಾದಾ ಕಾಗದದ ಮೇಲೆ ಅಚ್ಚು ತೆಗೆದು, ಕತ್ತರಿಸಿ, ಅಂಟು ಹಾಕಿ ಲೋಟ ಸುತ್ತಿ ನೋಡುವರು. ಸೊಟ್ಟಗಾದರೆ ಹರಿದು ಮತ್ತೆ ಶುರು. ರಿತೇಶ್ ಬಂದ ಮೇಲೆ ತನಗೆ ಗೊತ್ತಿದ್ದುದನ್ನೆಲ್ಲ ಹೇಳಿಕೊಟ್ಟ. ಮಳೆಗಾಲ ಮುಗಿಯುವ ಹೊತ್ತಿಗೆ ಮಲ್ಲಿಗೆ ಮಾಲೆಯ ಲೋಟವೊಂದನ್ನು ಲೀಲಾಧರರ ಮೇಜಿನ ಮೇಲಿಟ್ಟು ಜಲಜಾಕ್ಷಿ ಪ್ಯಾಕಿಂಗಿಗೆ ಕೆಳಗಿಳಿದರು.

"ತಿರುಗಿಸಿ ತಿರುಗಿಸಿ ನೋಡಿದೆ" ಎನ್ನುತ್ತಾರೆ ಲೀಲಾಧರ. "ಮಾಲೆಗೆ ಶುರು ಎಲ್ಲಿ, ಕೊನೆ ಎಲ್ಲಿ ಗೊತ್ತಾಗ್ಲಿಲ್ಲ. ಅವತ್ತೇ ಮೇಲೆ ಕರೆಸಿದೆ."

ಈಗ ಘಟಕದ ಬಹುಪಾಲು ಲೋಟಗಳ ಚಿತ್ರ ಜಲಜಾಕ್ಷಿಯವರ ಎಡಗೈಯಿಂದ ಹೊರಡುತ್ತದೆ. ಮುಂಡಪ್ಪ ದುಡಿಯುವ ಹೋಟೆಲಿನ ಚಹಾದ ಲೋಟವೂ ಇಲ್ಲಿಂದಲೇ ಹೋಗುತ್ತದೆ. ಅದರ ಮೇಲೆ ಜಲಜಾಕ್ಷಿಯವರ ಹೆಸರಿಲ್ಲ, ಇರಬೇಕೆಂಬ ಆಸೆಯೂ ಅವರಿಗಿಲ್ಲ.

ಹೊತ್ತು ಏರಿದೆ. ರಿತೇಶ್ ಒಂದು ಹೊಸ ರಟ್ಟಿನ ಡಬ್ಬ ತಂದು ಮೇಜಿನ ಮೇಲಿಡುತ್ತಾನೆ. ಸಿಹಿತಿಂಡಿ ಅಂಗಡಿಯೊಂದಕ್ಕೆ ಬೇಕಾದದ್ದು. ಬಾಯಿ ಚೌಕ, ತಳ ದುಂಡಗೆ. ಇದಕ್ಕೆ ಚಿತ್ರ ಕೂರಿಸುವುದು ಕಷ್ಟ, ಹೊರಗೆ ಕೊಟ್ಟು ಮಾಡಿಸೋಣವೇ ಎಂದು ಕೇಳುತ್ತಾನೆ.

ಜಲಜಾಕ್ಷಿ ಡಬ್ಬವನ್ನು ಎತ್ತಿ, ಅಂಟಿದ ಜಾಗವನ್ನು ಉಗುರಿನಿಂದ ಬಿಡಿಸಿ, ಮೇಜಿನ ಮೇಲೆ ಚಪ್ಪಟೆಯಾಗಿ ಹರಡುತ್ತಾರೆ.

"ಹೊರಗೆ ಬೇಡ" ಎನ್ನುತ್ತಾರೆ. "ಸ್ವಲ್ಪ ದಿನ ಇದು ನನ್ನ ಹತ್ತಿರ ಇರ್ಲಿ."