ಮೈದುನ ಒಯ್ದ ಚದುರಂಗದ ಮಣೆ

ಚಿನ್ನೂ, ಪುಟ್ಟೀ, ನಿಮ್ಮ ಅಜ್ಜಿಗೆ ಚದುರಂಗ ಬರುವುದಿಲ್ಲ ಎಂದು ನಿಮ್ಮ ಚಿಕ್ಕತಾತ ಹೇಳಿಕೊಂಡು ತಿರುಗುತ್ತಾನೆ. ಎದುರಿಗೆ ಅವನನ್ನು ‘ನೀವು’ ಅನ್ನುತ್ತೇನೆ. ನಿಮಗೆ ಬರೆಯುವ ಈ ಕಾಗದದಲ್ಲಿ ಅಷ್ಟು ಮರ್ಯಾದೆ ಕೊಡುವುದಿಲ್ಲ.

ದಿಬ್ಬೂರಹಳ್ಳಿಯ ಈ ಮನೆಗೆ ಬಂದ ಮೇಲೆ ನನಗೆ ಆಟ ಕಲಿಸಿದವರು ನಿಮ್ಮ ತಾತ. ರೇಷ್ಮೆಹುಳುವಿಗೆ ಸೊಪ್ಪು ಹಾಕಿ ಬಂದು ಮಣೆಯ ಮೇಲೆ ಕಾಯಿ ಜೋಡಿಸಿ, “ಎರಡೇ ನಡೆಗೆ ರಾಜನ್ನ ಕಟ್ಟಿಹಾಕು, ನೋಡಣ” ಎನ್ನುತ್ತಿದ್ದರು. ನಾಲ್ಕು ಜನರ ಮುಂದೆ ಬಾಯಿ ಬಿಡದ ನನಗೆ ಅದು ಹಿಡಿಸಿತು. ಯಾರೊಂದಿಗೂ ಮಾತಾಡಬೇಕಿಲ್ಲ. ಅವರು ಹೋದ ಮೇಲೂ ಆ ಸಮಸ್ಯೆಗಳನ್ನು ನೆನಪಿನಿಂದ ಜೋಡಿಸಿ ಬಿಡಿಸುತ್ತಿದ್ದೆ.

ವರ್ಷದ ತಿಥಿಗೆ ಗೌರಿಬಿದನೂರಿನಿಂದ ಬಂದ ಚಿಕ್ಕತಾತ, ಊಟವಾದ ಮೇಲೆ ಮಣೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡ.

“ಅಣ್ಣನ ನೆನಪಿಗೆ ತಗೊಂಡ್ಹೋಗ್ತೀನಿ ಅತ್ತಿಗೆ. ನಿಮಗ್ಯಾಕೆ, ಸೊಪ್ಪು ಹೆಚ್ಚಕ್ಕಾ?”

“ನಾನು ದಿನಾ ಬಿಡಿಸ್ತೀನಿ” ಎಂದೆ.

“ಓಹೋ! ಹಾಗಾದ್ರೆ ಇದನ್ನ ಎರಡು ನಡೆಗೆ ಬಿಡಿಸಿ. ಬಿಡಿಸಿದ್ರೆ ಮಣೆ ನಿಮ್ದು.”

ಫೋನು ನೋಡಿಕೊಂಡು ಕಾಯಿ ಜೋಡಿಸಿದ. ನೆಂಟರು ಸುತ್ತ ನಿಂತರು. ನನ್ನ ಕಾಲಾಳು ಕುದುರೆಯ ಮನೆಯ ನೇರಕ್ಕೆ, ಕೊನೆಯ ಮನೆಗೆ ಒಂದೇ ಹೆಜ್ಜೆ ಹಿಂದೆ ಇತ್ತು. ನಮ್ಮ ಕಡೆಯ ಆಟದಲ್ಲಿ ಕಾಲಾಳು ಕೊನೆಗೆ ಯಾವ ಕಾಯಿಯ ಮನೆ ಮುಟ್ಟುತ್ತದೋ ಆ ಕಾಯಿಯೇ ಆಗುತ್ತದೆ. ಇಲ್ಲಿ ಕುದುರೆಯೇ ಆಗಬೇಕು. ಕುದುರೆಗೆ ಆ ರಾಜ ಸಿಕ್ಕುವುದಿಲ್ಲ. ಉಳಿದ ಕಾಯಿಗಳನ್ನೂ ನಡೆಸಿ ನೋಡಿ, “ಆಗಲ್ಲ” ಎಂದೆ.

ಅವನು ಕಾಲಾಳನ್ನು ಮುಂದೆ ತಳ್ಳಿ, ಆ ಮನೆಯಲ್ಲಿ ಮಂತ್ರಿಯನ್ನು ಇಟ್ಟ. ಮುಂದಿನ ನಡೆಗೆ ರಾಜನಿಗೆ ದಾರಿಯೇ ಇರಲಿಲ್ಲ.

“ಅದು ಕುದುರೆ ಆಗ್ಬೇಕಲ್ವಾ?”

“ಯಾವ ಕಾಲದಲ್ಲಿದೀರಾ ಅತ್ತಿಗೆ? ಲೋಕದಲ್ಲೆಲ್ಲಾ ಬೇಕಾದ ಕಾಯಿ ಮಾಡ್ಕೊತಾರೆ. ನಿಮ್ಮ ಕುದುರೆ ಹುರುಳಿ ತಿನ್ಕೊಂಡು ಇಲ್ಲೇ ಇರ್ಲಿ!”

ಎಲ್ಲರೂ ನಕ್ಕರು. “ಪಾಪ, ಬಿಡಿ, ಅಕ್ಕ ಸ್ಕೂಲು ಕಂಡಿದ್ದೇ ಅಷ್ಟು” ಎಂದು ಅವನ ಹೆಂಡತಿ ಇನ್ನಷ್ಟು ನಗಿಸಿದಳು.

ಅವನೂ ಕಲಿತದ್ದು ಇದೇ ಮಣೆಯ ಮೇಲೆ, ಅಣ್ಣನಿಂದ, ಇದೇ ಪದ್ಧತಿಯಲ್ಲಿ. ನಾನೆಲ್ಲಿ ಎಡವುತ್ತೇನೆಂದು ಗೊತ್ತಿದ್ದೇ ಆ ಸಮಸ್ಯೆ ಹುಡುಕಿದ್ದ. ಅಷ್ಟು ಜನರ ಮುಂದೆ ಅದನ್ನು ಹೇಳುವ ಬದಲು ಉಂಡ ಎಲೆ ಎತ್ತಲು ಒಳಗೆ ಹೋದೆ. ಮಣೆ ಅವನ ಕಾರಿನಲ್ಲಿ ಹೋಯಿತು.

ಈಗ ಫೋನಿನಲ್ಲಿ ಹೊಸ ಪದ್ಧತಿಯ ಸಮಸ್ಯೆಗಳನ್ನೂ ಬಿಡಿಸುತ್ತೇನೆ. ಸಿಟ್ಟು ಮಾತ್ರ ಇಳಿದಿಲ್ಲ. ಗಂಡನ ವಸ್ತು ಹೆಂಡತಿಯ ಹತ್ತಿರ ಉಳಿಯಲು ಅವಳು ಪರೀಕ್ಷೆ ಯಾಕೆ ಪಾಸಾಗಬೇಕು?

ಮಣೆ ನಿಮಗೆ ಸೇರಬೇಕು. ದೊಡ್ಡವರಾದ ಮೇಲೆ ಹೋಗಿ ಕೇಳಿ. “ಅತ್ತಿಗೆಯೇ ಕೊಟ್ಟರು” ಅನ್ನುತ್ತಾನೆ. ನಾನು ಕೊಡಲಿಲ್ಲ. ಇದನ್ನು ಅವನ ಮುಂದೆ ಓದಿ ಹೇಳಿ, ಆದರೆ ಹಾಳೆಗಳನ್ನು ಅವನ ಕೈಗೆ ಕೊಡಬೇಡಿ. ಅಲ್ಲಿಯವರೆಗೂ, ಆಮೇಲೂ, ನಿಮ್ಮ ಹತ್ತಿರವೇ ಜೋಪಾನವಾಗಿ ಇಟ್ಟುಕೊಳ್ಳಿ.