ಮಖಮಲ್ ಸೀಟಿನ ಬಸ್ಸು

ಮೊನ್ನೆ ಶುಕ್ರವಾರ ತಿಂಡಿಗೆ ಕೂತಿದ್ದಾಗ ಮಗ ತನ್ನ ಫೋನನ್ನು ತಂದು ನನ್ನ ದೋಸೆಗೂ ಮೂಗಿಗೂ ನಡುವೆ ಹಿಡಿದ. ಯಾವುದೋ ದೇಶದ ಖಾಸಗಿ ರೈಲು ಕಂಪೆನಿಯೊಂದು ತನ್ನ ಹಳೆಯ ಉಗಿಬಂಡಿಯನ್ನು ಸಿಂಗರಿಸಿ ಓಡಿಸುತ್ತಿತ್ತು. ಹಸಿರು ಬಣ್ಣ, ಥಳಥಳಿಸುವ ಹಿತ್ತಾಳೆ, ಬಿಳಿ ಹೊಗೆ. "ಸೋ ಕೂಲ್ ಅಲ್ವಾ ಅಪ್ಪಾ?" ಅಂದ. ಕುವೈತಿನಲ್ಲಿ ಹುಟ್ಟಿದವನು, ರೈಲು ಕಾಣುವುದು ಊರಿಗೆ ಹೋದಾಗ ಮಾತ್ರ. ಅವನಿಗೆ ಎಲ್ಲ ರೈಲೂ ಕೂಲೇ. ನಾನು ಕೆಟ್ಟ ಚಟದವನು, ಕೆಳಗಿನ ಕಾಮೆಂಟುಗಳನ್ನು ಓದಿದೆ. ಅದೇ ಕಂಪೆನಿಯ ದಿನನಿತ್ಯದ ರೈಲಿನಲ್ಲಿ ಓಡಾಡುವವರು ಬಾಯಿಗೆ ಬಂದಂತೆ ಬೈದಿದ್ದರು. ಹೊತ್ತಿಗೆ ಬರುವುದಿಲ್ಲ, ಕೂರಲು ಜಾಗವಿಲ್ಲ, ಕೇಳಿದರೆ ಉತ್ತರ ಕೊಡುವವರಿಲ್ಲ, ಇದಕ್ಕೆ ಮಾತ್ರ ಪಾಲಿಶ್! ಓದುತ್ತಿದ್ದಂತೆ ನನಗೆ ಹಮೀದಾಕ ನೆನಪಾದರು.

ಹಮೀದಾಕ ಬಂಟ್ವಾಳದ ಕಡೆಯ ಬ್ಯಾರಿ, ರಿಫೈನರಿಯಲ್ಲಿ ಪೈಪ್ ಫಿಟ್ಟರ್. ಕುವೈತಿನ ಮಂಗಫಿನಲ್ಲಿ ನಾವಿದ್ದ ಕಟ್ಟಡದಲ್ಲೇ ಅವರ ರೂಮು. ನಾನು ಮೈಸೂರಿನವನು, ಅದೇ ರಿಫೈನರಿಯ ಆಫೀಸಿನಲ್ಲಿ ಕುರ್ಚಿ ಬಿಸಿ ಮಾಡುವ ಕೆಲಸ. ನಾನು ಕಾರು ಕೊಳ್ಳುವ ಮೊದಲು ನಮ್ಮಿಬ್ಬರಿಗೂ ಒಂದೇ ಬಸ್ಸು. ಅದನ್ನು ಕಂಪೆನಿಗೆ ಬಾಡಿಗೆಗೆ ಬಿಟ್ಟಿದ್ದವನು ಒಬ್ಬ ಗುತ್ತಿಗೆದಾರ. ಆ ಬಸ್ಸಿನ ಏಸಿ ಹಾಕಿದರೆ ಬಿಸಿಗಾಳಿ ಬರುತ್ತಿತ್ತು, ಆರಿಸಿದರೆ ಅದೂ ಇಲ್ಲ. ದಾರಿಯಲ್ಲಿ ಕೆಟ್ಟು ನಿಲ್ಲುವುದು ಎಷ್ಟು ಮಾಮೂಲಾಗಿತ್ತೆಂದರೆ, ನಿಲ್ಲದೆ ಮನೆ ಮುಟ್ಟಿದ ದಿನ ಹೆಂಡತಿ "ಏನ್ರೀ, ಇಷ್ಟು ಬೇಗ?" ಎಂದು ಗಾಬರಿಯಾಗುತ್ತಿದ್ದಳು.

ಇದೇ ಗುತ್ತಿಗೆದಾರನಿಗೆ ಸುಲೈಬಿಯಾದ ಗೋದಾಮೊಂದರ ಹಿಂದೆ ತುಕ್ಕು ಹಿಡಿದ ಓಬೀರಾಯನ ಕಾಲದ ಬಸ್ಸೊಂದು ಸಿಕ್ಕಿತು. ಅವನು ಅದಕ್ಕೆ ಹೊಸ ಎಂಜಿನ್ ಕೂರಿಸಿದ, ಮರದ ಕಿಟಕಿ ಮಾಡಿಸಿದ, ಸೀಟಿಗೆ ಕೆಂಪು ಮಖಮಲ್ ಹೊದಿಸಿದ. ಹಳೆಯದೆಂದರೆ ಬಾಯಿ ಬಿಡುವ ಪೈಕಿ ನಾನು. ಡಿಪೋಗೆ ಹೋಗಿ ಅದನ್ನು ಸವರಿ, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡು, ಹಮೀದಾಕನಿಗೂ ತೋರಿಸಿದೆ. "ಚಂದ ಉಂಟು ಸಾರ್," ಅಂದರು. "ನಮ್ಮ ಬಸ್ಸಿನ ಎಂಜಿನ್ನಿಗೊಂದು ಹೊಸ ಬೆಲ್ಟ್ ಹಾಕ್ಲಿಕ್ಕೆ ಹೇಳಿ ಅವರತ್ರ."

ಆ ಚಳಿಗಾಲದಲ್ಲಿ ಅವರ ಮಗಳ ನಿಖಾಹ್ ನಿಶ್ಚಯವಾಯಿತು. ರಜೆ ಸಿಗಲಿಲ್ಲ. ಅವರಲ್ಲಿ ಮಗಳನ್ನು ಕೊಡುವ ಮಾತು ತಂದೆಯದು. ಅವನು ದೂರದಲ್ಲಿದ್ದರೆ ಆ ಅಧಿಕಾರವನ್ನು ತನ್ನ ಬಾಯಿಂದಲೇ ನಿಖಾಹ್ ಮಾಡಿಸುವ ಮಸೀದಿಯ ಖತೀಬರಿಗೆ ವಹಿಸಬೇಕು. ಫೋನಿನಲ್ಲಿ ಹಿಂದಿನ ದಿನವೇ ಹೇಳಿ ಮುಗಿಸಬಹುದಿತ್ತು. ಹಮೀದಾಕ ಒಪ್ಪಲಿಲ್ಲ. "ಸಭೆಯಲ್ಲಿ ಎಲ್ಲರ ಎದುರು ಫೋನಲ್ಲಿ ನಾನೇ ಹೇಳ್ತೇನೆ ಸಾರ್. ಹೋಗ್ಲಿಕ್ಕಂತೂ ಆಗ್ಲಿಲ್ಲ, ಅಷ್ಟಾದ್ರೂ ಬೇಡ್ವಾ?" ಊರಲ್ಲಿ ಮುಸ್ಸಂಜೆಯ ಮಗ್ರಿಬ್ ನಮಾಜಿನ ನಂತರ ನಿಖಾಹ್, ಆ ಹೊತ್ತಿಗೆ ಇಲ್ಲಿ ಇನ್ನೂ ನಾಲ್ಕು ಗಂಟೆ, ಪಾಳಿ ಮುಗಿದು ಅವರು ರೂಮಿನಲ್ಲಿರಬೇಕು. ರಿಫೈನರಿಯೊಳಗೆ ಮೊಬೈಲ್ ಒಯ್ಯುವಂತಿಲ್ಲವಾದ್ದರಿಂದ ಅವರ ಫೋನು ದಿನವೂ ರೂಮಿನ ಮಂಚದ ಮೇಲೆಯೇ ಇರುತ್ತಿತ್ತು.

ಆ ದಿನವೂ ಬಸ್ಸು ನಡುದಾರಿಯಲ್ಲಿ ಕೈಕೊಟ್ಟಿತು. ಡ್ರೈವರ್ ಗುಲಾಮ್ ಭಾಯಿ ಬಾನೆಟ್ ಎತ್ತಿ, ಒಳಗೊಮ್ಮೆ ನೋಡಿ, "ಖಲಾಸ್" ಎಂದುಬಿಟ್ಟ. ತನ್ನ ಫೋನನ್ನು ಹಮೀದಾಕನ ಕೈಗಿಟ್ಟು "ಕರೋ ಭಾಯಿ" ಅಂದ. ಹಮೀದಾಕ ಅದರಲ್ಲಿ ಎರಡಂಕಿ ಒತ್ತಿ ಅಳಿಸಿದರು. ಮನೆಯವರ ನಂಬರು ಒಂದಾದರೂ ಬಾಯಿಗೆ ಬಂದರೆ ತಾನೆ? ಎಲ್ಲವೂ ಆ ಮಂಚದ ಮೇಲಿನ ಫೋನಿನಲ್ಲಿದ್ದವು. ನಗಬೇಡಿ, ನಿಮ್ಮ ಹೆಂಡತಿಯ ನಂಬರು ನೀವೊಮ್ಮೆ ಹೇಳಿ ನೋಡೋಣ.

ಅಷ್ಟರಲ್ಲಿ ಮಂಗಫ್ ಹಾದು ಸಿಟಿಯ ಮೆರವಣಿಗೆಗೆಂದು ಹೊರಟಿದ್ದ ಮಖಮಲ್ ಬಸ್ಸು ಅದೇ ದಾರಿಯಲ್ಲಿ ಬಂತು. ಗುಲಾಮ್ ಭಾಯಿ ಅಡ್ಡ ನಿಂತು ತಡೆದ. ಒಳಗಿದ್ದ ಗುತ್ತಿಗೆದಾರನ ಮ್ಯಾನೇಜರ್ ನಮ್ಮವರ ಜಿಡ್ಡು ಹಿಡಿದ ಕವರಾಲ್‌ಗಳನ್ನು ನೋಡಿ, ಸೀಟು ಹಾಳಾಗುತ್ತದೆ, ಆಗುವುದಿಲ್ಲ ಎಂದ. ಹಮೀದಾಕ ರಸ್ತೆ ಬದಿಯಲ್ಲೇ ಕವರಾಲ್ ಕಳಚಿ, ಒಳಮೈ ಹೊರಗೆ ಮಾಡಿ ತೊಟ್ಟುಕೊಂಡು ಹತ್ತಿದರು. ಉಳಿದವರೂ ಹಾಗೆಯೇ ಮಾಡಿದರು. ನಾನು ಇಸ್ತ್ರಿ ಅಂಗಿಯವನು, ಕಳಚಬೇಕಾಗಿರಲಿಲ್ಲ, ನಾಚಿಕೆಯಾಯಿತು.

ಆ ಬಸ್ಸೋ, ಮದುವಣಗಿತ್ತಿಯ ಹಾಗೆ ಹೆಜ್ಜೆ ಎಣಿಸುತ್ತಾ ಹೊರಟಿತು. ಹೊಸ ಎಂಜಿನ್ ಇದ್ದರೂ ಹಳೆಯ ಮೈ ಕಳಚಿ ಬಿದ್ದೀತೆಂದು ವೇಗಕ್ಕೆ ಕಡಿವಾಣ. ಅಕ್ಕಪಕ್ಕದ ಕಾರಿನವರು ಹಾರ್ನ್ ಹೊಡೆದು ಕೈಬೀಸಿದರು, ಸಿಗ್ನಲ್ಲಿನಲ್ಲಿ ಫೋಟೋ ತೆಗೆದರು. "ಯಲ್ಲಾ ಭಾಯಿ, ಯಲ್ಲಾ," ಎಂದು ಹಮೀದಾಕ ಡ್ರೈವರನನ್ನು ಅವಸರಿಸಿ ಹೇಳುತ್ತಲೇ ಇದ್ದರು. ಹೊರಗೆ ಕತ್ತಲಾಗತೊಡಗಿದಾಗ ಹೇಳುವುದನ್ನು ನಿಲ್ಲಿಸಿ ಕಿಟಕಿಗೆ ಮುಖ ಮಾಡಿ ಅಳತೊಡಗಿದರು. ಮ್ಯಾನೇಜರ್ ಎದುರಿನ ಸೀಟಿನಿಂದ ಅದನ್ನೂ ಕ್ಲಿಕ್ಕಿಸಿದ.

ರೂಮಿಗೆ ನಾನೂ ಹೋದೆ. ಊರಿಗೆ ಫೋನು ಹಚ್ಚಿದರೆ, ಖತೀಬರು ಕಾದು ಕಾದು ಇನ್ನೊಂದು ಮನೆಯ ನಿಖಾಹಿಗೆ ಹೋಗಿಬಿಟ್ಟಿದ್ದರಂತೆ. ಗಂಡಿನ ಕಡೆಯವರು ಗೊಣಗುತ್ತಿದ್ದರು. ಖತೀಬರು ಹಿಂತಿರುಗಿದ ಮೇಲೆ, ಅರ್ಧಕ್ಕರ್ಧ ಜನ ಉಂಡು ಹೋದ ಸಭೆಗೆ ಹಮೀದಾಕ ಫೋನಿನಲ್ಲಿ ತಮ್ಮ ಮಾತು ಹೇಳಿದರು. ಕೊನೆಗೆ ಮದುಮಗಳು ಫೋನಿಗೆ ಬಂದಳು. "ಉಪ್ಪಾ, ಇವತ್ತೊಂದು ದಿನವಾದ್ರೂ ನಿಮಗೆ ಪುರುಸೊತ್ತು ಆಗ್ಲಿಲ್ವಾ?" ಎಂದು ಬ್ಯಾರಿ ಭಾಷೆಯಲ್ಲಿ ಕೇಳಿದಳೆಂದು ಹಮೀದಾಕ ಆಮೇಲೆ ನನಗೆ ಕನ್ನಡದಲ್ಲಿ ಹೇಳಿದರು. ಅವಳ ಹತ್ತಿರ ಅವರು ಬಸ್ಸಿನ ಸುದ್ದಿ ಎತ್ತಲಿಲ್ಲ. "ಮದುವೆ ದಿನ ಅವಳತ್ರ ಬಸ್ಸಿನ ಕತೆ ಹೇಳುದಾ ಸಾರ್?" ಅಂದರು.

ವಾರದೊಳಗೆ ಆ ಫೋಟೋ ಗುತ್ತಿಗೆದಾರನ ಪೇಜಿನಲ್ಲಿ ಬಂತು. ಹಳೆಯ ದಿನಗಳನ್ನು ನೆನೆದು ಕಣ್ಣೀರಾದ ಪ್ರಯಾಣಿಕ ಎಂದು ಅಡಿಬರಹ. ಜನ ಕೆಂಪು ಹೃದಯಗಳನ್ನು ಸುರಿದಿದ್ದರು. ನಮ್ಮ ಬಸ್ಸಿಗೆ ಬೆಲ್ಟು ಬರಲಿಲ್ಲ. ಹಮೀದಾಕ ಕೆಲಸ ಬಿಟ್ಟು ಊರಿಗೆ ಹೋದರು, ನಾನು ಕಾರು ಕೊಂಡೆ, ಇದನ್ನೆಲ್ಲ ಮರೆತಿದ್ದೆ.

ಮಗನ ವೀಡಿಯೋ ಇನ್ನೂ ಮುಗಿದಿರಲಿಲ್ಲ. ಕೊನೆಯಲ್ಲಿ ಉಗಿಬಂಡಿಯ ಕಿಟಕಿಯೊಂದರಲ್ಲಿ ಮುದುಕನೊಬ್ಬ ಕರವಸ್ತ್ರದಿಂದ ಕಣ್ಣೊರೆಸಿಕೊಳ್ಳುತ್ತಿದ್ದ.

"ಸೀ ಅಪ್ಪಾ, ಹೀ ಲವ್ಸ್ ಇಟ್ ಸೋ ಮಚ್," ಅಂದ ಮಗ.

"ಅವರು ಎಲ್ಲಿಗೆ ಹೋಗಬೇಕಿತ್ತಂತೆ?" ಎಂದು ಕೇಳಿದೆ.